ಬಾಯಿಮಾತಿನವರು

ಅತ್ತಿಗೆಯ ಬಲಗೈ ರೋಲರಿಗೆ ಸಿಕ್ಕಿದ್ದು ಬೆಳಗ್ಗೆ ಹತ್ತೂವರೆಗೆ. ಹತ್ತೂ ಮುಕ್ಕಾಲಿಗೆಲ್ಲ ಅದು ಅವಳದೇ ತಪ್ಪು ಅಂತ ತೀರ್ಮಾನವಾಗಿತ್ತು. ಆಂಬುಲೆನ್ಸ್ ಬಂದದ್ದು ಹನ್ನೊಂದಕ್ಕೆ.

ತೀರ್ಮಾನ ಮಾಡಿದವರು ಹೊರಗಿನವರಲ್ಲ. ನನ್ನ ಅಪ್ಪ, ದೊಡ್ಡಪ್ಪ, ಅಮ್ಮ. ಅವಳ ಗಂಡ, ಅಂದರೆ ನನ್ನ ಅಣ್ಣ, ಲಾರಿ ಓಡಿಸುತ್ತಿದ್ದವನು, ಆಮೇಲೆ ಬಂದು ಅದೇ ತೀರ್ಮಾನಕ್ಕೆ ತಲೆಯಾಡಿಸಿದ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅವನು. ಆದರೆ ಅಡಿಕೆಗೆ ಬಾಯಿಲ್ಲ, ಅವನಿಗಿತ್ತು.

ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ನಮ್ಮದು. ನಮ್ಮದು ಅಂದರೆ ನಾವು ದುಡಿಯುವುದು. ದಿನಕ್ಕೆ ನಾಲ್ಕು ಸಾವಿರ ಚಾದರ. ಒಗೆದು ಹಿಂಡಿ ಬಂದ ಚಾದರದ ಎರಡು ತುದಿ ಇಬ್ಬರು ಹಿಡಿದು ಇಸ್ತ್ರಿ ರೋಲರಿನ ಬಾಯಿಗೆ ಕೊಡಬೇಕು. ಎರಡಾಳುದ್ದದ ಬಿಸಿ ಉರುಳೆ ಅದು. ಒದ್ದೆಯನ್ನು ಈ ಕಡೆ ನುಂಗಿ, ಗರಿಗರಿ ಮಾಡಿ ಆ ಕಡೆ ಉಗುಳುತ್ತದೆ. ಆಗಾಗ ಚಾದರದ ಮೂಲೆ ಮಡಚಿಕೊಂಡು ಒಳಗೇ ಸುತ್ತಿಕೊಳ್ಳುತ್ತದೆ. ಆಗ ಮಷೀನು ನಿಲ್ಲಿಸಿ, ಯಾರಾದರೊಬ್ಬರು ಮೊಳಕೈವರೆಗೆ ಕೈ ಹಾಕಿ ಎಳೆದು ತೆಗೆಯಬೇಕು.

ಈ ಕೈ ಹಾಕುವ ವಿಷಯದಲ್ಲಿ ನಮ್ಮ ಲಾಂಡ್ರಿ ಎರಡು ಲೋಕವಾಗಿತ್ತು.

ಬೆಳಗಿನ ಶಿಫ್ಟು ನಮ್ಮವರದು. ಅಮ್ಮನೂ ಸೇರಿ ಇಪ್ಪತ್ತೆರಡು ಜನ, ಎಲ್ಲರೂ ಒಂದಲ್ಲ ಒಂದು ದಾರಿಯಲ್ಲಿ ನೆಂಟರೇ. ಮಧ್ಯಾಹ್ನದ ಶಿಫ್ಟು ಹೊಳೆಯಾಚೆಯಿಂದ ಬಂದವರದು. ಅವರಲ್ಲಿ ಒಳಗೆ ಕೈ ಹಾಕುವವರು ಮೊದಲು ಮೇನ್ ಸ್ವಿಚ್ಚಿಗೆ ತಮ್ಮದೊಂದು ಪುಟ್ಟ ಬೀಗ ಜಡಿದು, ಕೀ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೀ ಇದ್ದವರು ಬಿಟ್ಟರೆ ಬೇರೆ ಯಾರೂ ಮಷೀನು ಚಾಲೂ ಮಾಡುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಅದು ಅವರ ಪದ್ಧತಿಯೂ ಅಲ್ಲ, ಕಂಪನಿಯ ನಿಯಮ. ಕಂಬದ ಮೇಲೆ ಹಳದಿ ಬಣ್ಣದ ಕಾಗದ ಅಂಟಿಸಿದ್ದಾರೆ, ಎಲ್ಲರಿಗೂ ಅಂತ. ಆದರೆ ಅವರು ಪಾಲಿಸಿದರು, ನಾವು ಪಾಲಿಸಲಿಲ್ಲ. ಅಷ್ಟಾಗಿದ್ದೇ ತಡ, ಒಂದು ಕಬ್ಬಿಣದ ಬೀಗ ಅವರ ಸಂಸ್ಕೃತಿಯಾಯಿತು, ಬೀಗ ಹಾಕದಿರುವುದು ನಮ್ಮದು.

"ಬೀಗ ಹಾಕೋದು ಕಳ್ಳರಿಗೆ," ಅನ್ನುತ್ತಿದ್ದ ಅಪ್ಪ. ಅವನು ನಮ್ಮ ಶಿಫ್ಟಿನ ಮೇಸ್ತ್ರಿ. "ಒಂದೇ ಮನೇಲಿ ಉಣ್ಣೋರಿಗೆ ಬೀಗ ಯಾಕ್ರಯ್ಯ? ನಮ್ಮಲ್ಲಿ ಮಾತೇ ಬೀಗ. ಅವ್ರು ಸ್ವಂತ ತಮ್ಮನ್ನೂ ನಂಬಲ್ಲ, ಪಾಪ."

ಆ 'ಪಾಪ' ಇದೆಯಲ್ಲ, ಅದರ ಮೇಲೆ ಒಂದು ಮಹಲು ಕಟ್ಟಬಹುದಿತ್ತು, ಅಷ್ಟು ಗಟ್ಟಿ. ನಾವು ಅವರನ್ನು ಬೀಗದವರು ಅನ್ನುತ್ತಿದ್ದೆವು. ಅವರು ನಮ್ಮನ್ನು ಬಾಯಿಮಾತಿನವರು ಅನ್ನುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಶಿಫ್ಟು ಬದಲಾಗುವಾಗ ಬಾಗಿಲಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕನಿಕರದಿಂದ ನೋಡಿಕೊಂಡು ದಾಟುತ್ತಿದ್ದೆವು.

ಇಂಥದ್ದರಲ್ಲಿ ಅಣ್ಣ ಬೀಗದವರ ಹುಡುಗಿಯನ್ನು ಮೆಚ್ಚಿ ಮದುವೆಯಾದ. "ಬೀಗದವ್ರೇ ಬೀಗರಾದ್ರಲ್ಲೋ!" ಅಂತ ದೊಡ್ಡಪ್ಪ ಒಂದು ಹಾಸ್ಯ ಹೊಡೆದ. ಮೂರು ವರ್ಷ ಅದೇ ಹಾಸ್ಯ, ಸವೆದ ಚಾದರದ ಹಾಗೆ, ಮತ್ತೆ ಮತ್ತೆ ಒಗೆದು ಹಾಸುತ್ತಿದ್ದ.

ಅತ್ತಿಗೆ ನಮ್ಮ ಶಿಫ್ಟಿಗೆ ಬಂದಳು. ವಯಸ್ಸಿನಲ್ಲಿ ನನಗಿಂತ ಒಂದು ವರ್ಷ ಚಿಕ್ಕವಳು. ನೆಂಟಸ್ತಿಕೆಗೆ ಅತ್ತಿಗೆ, ಜಗಳಕ್ಕೆ 'ನೀನು'. ಮೊದಲ ದಿನ ಸೆರಗಿನ ಗಂಟಿನಲ್ಲಿ ತನ್ನ ಕೆಂಪು ಬೀಗ ಕಟ್ಟಿಕೊಂಡು ಬಂದಿದ್ದಳು. ಚಾದರ ಸಿಕ್ಕಿಕೊಂಡಿತು. ಅವಳು ಹೋಗಿ ಸ್ವಿಚ್ಚಿಗೆ ಬೀಗ ಹಾಕಿದಳು, ಕೈ ಹಾಕಿ ತೆಗೆದಳು, ಬೀಗ ಬಿಚ್ಚಿದಳು. ಅಷ್ಟೇ. ಆದರೆ ಇಡೀ ಶಿಫ್ಟು, ಯಾರೋ ಊಟದ ಮಧ್ಯೆ ಉಗುಳಿದರು ಅನ್ನುವ ಹಾಗೆ ನಿಂತುಬಿಟ್ಟಿತು.

ಸಂಜೆ ಮನೆಯಲ್ಲಿ ಅಮ್ಮ ಪಾತ್ರೆಗಳನ್ನು ಎತ್ತಿ ಎತ್ತಿ ಕುಕ್ಕಿದಳು. ಕೊನೆಗೆ ಕೇಳಿಯೇಬಿಟ್ಟಳು: "ಸ್ವಿಚ್ಚಿನ ಹತ್ರ ನಿಂತಿದ್ದೋರು ನಿನ್ನ ಮಾವ. ಅವ್ರ ಕಣ್ಣೆದುರಿಗೇ ಬೀಗ ಹಾಕಿದ್ಯಲ್ಲ, ನಾವೇನು ನಿನ್ನ ಸಾಯಿಸ್ತೀವಾ?"

"ಹಾಗಲ್ಲ ಅತ್ತೆ, ಅಭ್ಯಾಸ..."

"ಅಭ್ಯಾಸ ತವರಲ್ಲಿ ಬಿಟ್ಟು ಬರ್ಬೇಕು."

ನಾಲ್ಕನೆಯ ದಿನ ಬೀಗ ಸೆರಗಿನಿಂದ ಹೋಯಿತು. ಒಂದು ವಾರದ ಮೇಲೆ ನೋಡಿದರೆ ಅದು ಅಮ್ಮನ ಟ್ರಂಕಿಗೆ ಬಿದ್ದಿತ್ತು. ಬೀಗ ಕಳ್ಳರಿಗೆ ಅಂದವರ ಮನೆಯಲ್ಲಿ! ನಾನು ಕೇಳಿದ್ದಕ್ಕೆ, "ಸುಮ್ನೆ ಹಾಳಾಗ್ತಿತ್ತು, ಹಾಕ್ದೆ. ವಕೀಲೆ ಹಾಗೆ ಎಲ್ಲದಕ್ಕೂ ಅಡ್ಡಪ್ರಶ್ನೆ ಹಾಕ್ಬೇಡ," ಅಂದಳು. ಮನೆಯಲ್ಲಿ ನನ್ನ ಅಡ್ಡಹೆಸರೇ ವಕೀಲೆ. ಆಮೇಲೆ ಬಂದವರೆದುರು ಅಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು: "ಈಗ ಪೂರ್ತಿ ನಮ್ಮವಳಾಗಿದಾಳೆ. ಬೀಗ ಗೀಗ ಏನಿಲ್ಲ."

ಆ ಬೆಳಗ್ಗೆ ಆದದ್ದು ಇಷ್ಟು. ಚಾದರ ಸುತ್ತಿಕೊಂಡಿತು. ಅಪ್ಪ ಮಷೀನು ನಿಲ್ಲಿಸಿ ಕಂಬದ ಪಕ್ಕ, ಸ್ವಿಚ್ಚಿನ ಹತ್ತಿರ ನಿಂತ.

"ಮಾವ, ಕೈ ಹಾಕ್ತೀನಿ," ಅಂದಳು ಅತ್ತಿಗೆ.

"ಹಾಕಮ್ಮ. ನಾನಿಲ್ಲೇ ಇದೀನಲ್ಲ."

ಅವಳು ರೋಲರಿನ ಆ ಬದಿಗೆ ಹೋಗಿ ಬಗ್ಗಿದಳು. ಆಗ ಲಾರಿ ನಿಲ್ಲುವ ಕಡೆಯ ಬಾಗಿಲಿನಿಂದ ದೊಡ್ಡಪ್ಪ ಬಂದ. ಮಾಲು ಕಳಿಸುವ ಜವಾಬ್ದಾರಿ ಅವನದು. "ಏನೋ ಇದು, ಮಷೀನು ಮಲಗಿದೆ? ಆಸ್ಪತ್ರೆ ಲಾರಿ ಅರ್ಧ ಗಂಟೆಯಿಂದ ಬಾಯಿ ಬಿಟ್ಕೊಂಡು ನಿಂತಿದೆ. ಹಾಕು, ಹಾಕು!"

ಅಪ್ಪನಿಗೆ ಐವತ್ತೆಂಟು. ಈ ಐವತ್ತೆಂಟು ವರ್ಷದಲ್ಲಿ ಒಂದು ಸಲವೂ ಅವನು ತನ್ನ ಅಣ್ಣನಿಗೆ 'ತಾಳು' ಅಂದವನಲ್ಲ. ಅಣ್ಣ ಮಾತಾಡುವಾಗ ಎದುರಾಡಬಾರದು. ಬೆನ್ನು ತೋರಿಸಬಾರದು. ಇವೆಲ್ಲ ನಮ್ಮ ಕಿರೀಟದ ಹರಳುಗಳು, ಮಕ್ಕಳಿಗೆ ಬಾಯಿಪಾಠ. ಅಪ್ಪ ದೊಡ್ಡಪ್ಪನ ಮುಖವನ್ನೇ ನೋಡುತ್ತ, ಹಿಂದಕ್ಕೆ ಕೈ ಚಾಚಿ ಸ್ವಿಚ್ಚು ಹಾಕಿದ. ಮಷೀನು ಅವನ ಬೆನ್ನ ಹಿಂದೆ ಇತ್ತು. ಮಷೀನಿನೊಳಗೆ ಸೊಸೆಯ ಕೈ ಇತ್ತು.

ನಾನು ಮಡಿಚುವ ಮೇಜಿನಲ್ಲಿದ್ದೆ, ನೋಡಿದೆ. ದೊಡ್ಡಪ್ಪ 'ಹಾಕು' ಅಂದಾಗಲೇ ನನ್ನ ಬಾಯಿ ತೆರೆದಿತ್ತು. ಆದರೆ ಇಬ್ಬರು ಹಿರಿಯರು ಮಾತಾಡುವಾಗ ನಡುವೆ ಕಿರುಚಬಾರದು ಅಂತ ನನಗೂ ಬಾಯಿಪಾಠವಾಗಿತ್ತಲ್ಲ. ಎರಡು ಉಸಿರಿನಷ್ಟು ತಡೆದೆ. ನಾನು ಕಿರುಚುವ ಮೊದಲು ಅತ್ತಿಗೆಯೇ ಕಿರುಚಿದಳು.

ಬೇರೆಯವರ ಮೇಲೆ ಬೆಂಕಿ ಕಾರುವಾಗಲೆಲ್ಲ ಆ ಎರಡು ಉಸಿರು ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಳ್ಳಲಿ.

ನಾಲ್ಕು ಬೆರಳು ಜಜ್ಜಿ ಸುಟ್ಟಿದ್ದವು. ಕಂಪನಿ ಗೊತ್ತು ಮಾಡಿದ ಆಸ್ಪತ್ರೆಯಲ್ಲಿ ಗಾಯ ಮುಚ್ಚಿದರು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಬೆರಳು ಉಳಿದಿದೆ, ಆದ್ರೆ ಮಡಿಸೋಕಾಗಲ್ಲ. ನರ ಜೋಡಿಸೋ ಇನ್ನೊಂದು ಆಪರೇಷನ್ ಆಗ್ಬೇಕು, ಹತ್ತು ದಿನದೊಳಗೆ. ತಡವಾದಷ್ಟೂ ಬೆರಳು ಮರಗಟ್ಟುತ್ತೆ. ಆದ್ರೆ ಕೆಲಸಗಾರರ ಸ್ವಂತ ತಪ್ಪಿಂದ ಆಗಿದ್ದಲ್ಲ ಅಂತ ನಿಮ್ಮ ಕಂಪನಿ ರಿಪೋರ್ಟ್ ಬರ್ಬೇಕು. ಇಲ್ದಿದ್ರೆ ಕಂಪನಿ ದುಡ್ಡು ಕಟ್ಟಲ್ಲ, ಆಸ್ಪತ್ರೆಯವ್ರು ನನ್ನನ್ನ ಕೈ ಹಚ್ಚೋಕೆ ಬಿಡಲ್ಲ."

ಅಂದರೆ ಅತ್ತಿಗೆಯ ಕೈ ಈಗ ಒಂದು ವಾಕ್ಯದಲ್ಲಿತ್ತು. 'ಅವಳ ತಪ್ಪಲ್ಲ' ಅನ್ನುವ ಒಂದು ವಾಕ್ಯ.

ನಾನು ಮನೆಗೆ ಬಂದು ಹೇಳಿದೆ. ಅಪ್ಪ ಗೋಡೆ ನೋಡುತ್ತ ಕೂತಿದ್ದ. ದೊಡ್ಡಪ್ಪ ಆಗಲೇ ಬಂದು ಕುರ್ಚಿ ತುಂಬಿಕೊಂಡಿದ್ದ.

"ಅವಳ ತಪ್ಪಲ್ಲ ಅಂದ್ರೆ ಯಾರ ತಪ್ಪು ಅಂತ ಕೇಳ್ತಾರೆ," ಅಂದ ದೊಡ್ಡಪ್ಪ. "ನಿಮ್ಮಪ್ಪಂದು ಅಂತ ಬರೆಸ್ತೀಯಾ? ನಮ್ಮಲ್ಲಿ ಹೆತ್ತವ್ರ ಮೇಲೆ ಸಾಕ್ಷಿ ಹೇಳೋ ಸಂಪ್ರದಾಯ ಇಲ್ಲ ಕಣೆ. ಅದೆಲ್ಲ ಅವ್ರಲ್ಲಿ."

"ಹಾಕು ಅಂದಿದ್ದು ನೀವು, ದೊಡ್ಡಪ್ಪ."

"ನೋಡಿದ್ಯಾ ಇವಳ ನಾಲಿಗೆ? ಆ ಹುಡುಗಿ ಬಂದ ಮೇಲೇ ಇವಳು ಹೀಗಾಗಿದ್ದು."

"ಅವಳಿಗೇ ಗೊತ್ತಿರ್ಬೇಕಿತ್ತು," ಅಂದಳು ಅಮ್ಮ, ಮುಖ ತಿರುಗಿಸಿಕೊಂಡು. "ಅವ್ರ ಕಡೆ ಹುಟ್ಟಿ ಬೆಳೆದವಳು. ಅಷ್ಟು ಭಯ ಇದ್ದಿದ್ರೆ ಬೀಗ ಹಾಕ್ಕೋಬೇಕಿತ್ತು."

ನಾನು ಟ್ರಂಕಿನ ಕಡೆ ನೋಡಿದೆ. ಅಮ್ಮ ನಾನು ನೋಡಿದ್ದನ್ನು ನೋಡಿದಳು.

ಮೂರನೆಯ ದಿನ ಕಂಪನಿಯ ಮೇಲಿನ ಆಫೀಸಿನಿಂದ ಸುರಕ್ಷತಾ ಇನ್‌ಸ್ಪೆಕ್ಟರ್ ಬಂದ. ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಿದ್ದ, ಇಸ್ತ್ರಿ ಮಾಡಿದ ಅಂಗಿ. ನಮ್ಮವರು ಇಪ್ಪತ್ತು ಜನ ಒಂದೇ ಮಾತು ಹೇಳಿದರು: ಅವಳು ಹೇಳದೆ ಕೇಳದೆ ಕೈ ಹಾಕಿದಳು. ನಾನು ನಡೆದದ್ದನ್ನು ಹೇಳಿದೆ. ಅವನು ಬರೆದುಕೊಂಡ, ತಲೆದೂಗಿದ, ನನ್ನನ್ನು 'ತಂಗಿ' ಅಂತಲೂ ಕರೆದ. ಎರಡು ದಿನದ ಮೇಲೆ ಬಂದ ರಿಪೋರ್ಟಿನಲ್ಲಿ ಹೀಗಿತ್ತು: 'ಎರಡು ಭಿನ್ನ ಸಂಸ್ಕೃತಿಗಳ ನಡುವಿನ ಪರಸ್ಪರ ತಿಳಿವಳಿಕೆಯ ಕೊರತೆ. ಗಾಯಾಳು ತನಗೆ ತಿಳಿದಿದ್ದ ಸುರಕ್ಷತಾ ಕ್ರಮವನ್ನು ತಾನೇ ಕೈಬಿಟ್ಟಿರುತ್ತಾರೆ. ಸೌಹಾರ್ದದ ಬಗ್ಗೆ ಭಿತ್ತಿಚಿತ್ರ ಹಾಕಲು ಸೂಚಿಸಲಾಗಿದೆ.'

ಕೈ ಹೋದದ್ದು ಸಂಸ್ಕೃತಿಯಿಂದ! ಒಬ್ಬ ಹಾಕು ಅಂದ, ಒಬ್ಬ ಹಾಕಿದ, ಒಬ್ಬಳು ಬಾಯಿ ತೆರೆದು ತಡೆದಳು. ಈ ಮೂವರಿಗೂ ಮುಖವಿದೆ, ಹಾಜರಿ ಪುಸ್ತಕದಲ್ಲಿ ಹೆಸರಿದೆ. ಆದರೆ ಸಂಸ್ಕೃತಿ ಅನ್ನುವ ದೊಡ್ಡ ಚಾದರ ಎಳೆದರೆ ಎಲ್ಲರೂ ಅದರಡಿ ಬೆಚ್ಚಗೆ ಮಲಗಬಹುದು. ಹೊರಗೆ ಉಳಿಯುವುದು ಒಂದು ಕೈ ಮಾತ್ರ.

ನನಗೆ ಉಳಿದಿದ್ದ ದಾರಿ ಅವಳ ತವರಿನವರು. ಮಧ್ಯಾಹ್ನದ ಶಿಫ್ಟಿನ ಮೇಸ್ತ್ರಿ ಅವಳ ಸ್ವಂತ ಅಣ್ಣ. ನಾವೆಲ್ಲ ಅವನನ್ನು ಕನ್ನಡಕ ಅನ್ನುತ್ತಿದ್ದೆವು. ನಿಯಮ ಎಲ್ಲರಿಗೂ ಒಂದೇ, ಬೆಳಗಿನ ಶಿಫ್ಟಿನಲ್ಲಿ ಬೀಗ ಹಾಕಲು ಬಿಡುವುದಿಲ್ಲ ಅಂತ ಅವನೊಬ್ಬ ಬರೆದುಕೊಟ್ಟರೆ ರಿಪೋರ್ಟು ಅಲುಗಾಡುತ್ತಿತ್ತು. ಶಿಫ್ಟು ನಡೆಯುತ್ತಿರುವಾಗಲೇ ಹೋದೆ.

"ನಿಮ್ಮ ತಂಗಿ ಕೈ, ಭಾವ. ಎರಡು ಸಾಲು ಬರೆದುಕೊಡಿ."

ಅವನು ಕನ್ನಡಕ ಒರೆಸಿಕೊಂಡ. "ನಿಮ್ಮನೆಗೆ ಬಂದು ನಮ್ಮ ಪದ್ಧತಿ ಮರೆತಳು. ಮರೆತೋರಿಗೆ ಹೀಗೇ ಆಗೋದು. ಅವತ್ತೇ ಹೇಳಿದ್ದೆ ನಾನು. ನಮ್ಮಲ್ಲಿ ನೋಡಿ, ಇಷ್ಟು ವರ್ಷದಲ್ಲಿ ಒಬ್ಬರ ಉಗುರೂ ಹೋಗಿಲ್ಲ. ಯಾಕೆ? ಶಿಸ್ತು."

ಅವನು ಶಿಸ್ತು ಅಂದಾಗ ನಾನು ಅವನ ಹೆಗಲ ಹಿಂದೆ ನೋಡುತ್ತಿದ್ದೆ. ರೋಲರ್ ನಿಂತಿತ್ತು. ಮೂವರು ಒಳಗೆ ಕೈ ಹಾಕಿದ್ದರು. ಸ್ವಿಚ್ಚಿನಲ್ಲಿ ಬೀಗ ಇತ್ತು, ಒಂದೇ ಒಂದು. ಅದರ ಕೀ ಅದೇ ಕಂಬದ ಮೊಳೆಯಲ್ಲಿ ಎಲ್ಲರ ಕೈಗೂ ಸಿಗುವ ಹಾಗೆ ತೂಗುತ್ತಿತ್ತು.

"ಆ ಕೀ ಯಾರದು?" ಅಂದೆ.

"ಅದಾ? ಎಲ್ಲರದ್ದೂ. ಪ್ರತಿ ಸಲ ಒಬ್ಬೊಬ್ರೂ ಹಾಕ್ತಾ ಕೂತ್ರೆ ಕೆಲಸ ಸಾಗುತ್ತಾ?"

"ಹಾಗಾದ್ರೆ ಯಾರು ಬೇಕಾದ್ರೂ ತೆಗೀಬಹುದು."

"ನಮ್ಮವ್ರು ತೆಗೆಯಲ್ಲ," ಅಂದ ಕನ್ನಡಕ. "ನಮ್ಮಲ್ಲಿ ನಂಬಿಕೆ ಇದೆ."

ಅಪ್ಪನ ದನಿ. ಅಕ್ಷರ ಅಕ್ಷರ ಅಪ್ಪನ ದನಿ! ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. ತಲೆಯನ್ನು ಆ ಕಂಬಕ್ಕೆ ಚಚ್ಚಿಕೊಳ್ಳಬೇಕು ಅನ್ನಿಸಿದ್ದು ಮಾತ್ರ ನಿಜ.

ಹತ್ತು ದಿನದಲ್ಲಿ ಎಂಟು ಕಳೆದಿತ್ತು. ಆಸ್ಪತ್ರೆಯಲ್ಲಿ ಅತ್ತಿಗೆ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಬೇರೆ ಯಾರದ್ದೋ ಸಾಮಾನಿನ ಹಾಗೆ ಇಟ್ಟುಕೊಂಡು ಕೂತಿದ್ದಳು.

"ನಿಮ್ಮಣ್ಣ ಹೇಳ್ತಾರೆ, ತಪ್ಪು ನಂದೇ ಅಂತ ಒಪ್ಕೊಂಡ್ರೆ ಮನೇಲಿ ಎಲ್ಲ ಸರಿಹೋಗುತ್ತಂತೆ," ಅಂದಳು. "ನಮ್ಮಣ್ಣ ಹೇಳ್ತಾನೆ, ಮನೆಗೆ ಬಾ, ಆದ್ರೆ ತಪ್ಪು ನಿಂದೇ ಅಂತ ಒಪ್ಕೋ. ಒಂದ್ವಿಷ್ಯಕ್ಕಾದ್ರೂ ಎರಡೂ ಕಡೆಯವ್ರು ಒಂದಾದ್ರಲ್ಲ, ವಕೀಲೆ." ಆಮೇಲೆ ನಗು ನಿಲ್ಲಿಸಿ, "ಎಡಗೈಲಿ ಜಡೆ ಹಾಕ್ಕೊಳ್ಳೋಕೆ ಬರ್ತಿಲ್ಲ ಕಣೇ," ಅಂದಳು. ನಾನು ಅವಳಿಗೆ ಜಡೆ ಹಾಕಿದೆ. ಹಾಕುತ್ತ ಹಾಕುತ್ತಲೇ ಏನು ಮಾಡಬೇಕು ಅಂತ ಹೊಳೆಯಿತು.

ಮರುದಿನ ಬೆಳಗ್ಗೆ ಆರಕ್ಕೆ, ಎಲ್ಲರಿಗಿಂತ ಮುಂಚೆ ಹೋಗಿ, ಮೇನ್ ಸ್ವಿಚ್ಚು ಆರಿಸಿ, ಅತ್ತಿಗೆಯ ಕೆಂಪು ಬೀಗ ಜಡಿದೆ. ಅಮ್ಮನ ಟ್ರಂಕಿನಿಂದ ಬಿಚ್ಚಿ ತಂದಿದ್ದೆ. ಕೀ ನನ್ನ ಜೇಬಿನಲ್ಲಿ.

ಏಳಕ್ಕೆ ಅಪ್ಪ ಬಂದ. "ಯಾರದಿದು?"

"ಅತ್ತಿಗೇದು. ಅವಳ ಕೈ ಇನ್ನೂ ಮಷೀನೊಳಗೇ ಇದೆ. ಅದು ಹೊರಗೆ ಬರೋವರೆಗೆ ತೆಗೆಯಲ್ಲ. ರಿಪೋರ್ಟ್ ತಿದ್ದಲಿ."

"ಕೀ ಕೊಡು."

"ಕೊಡಲ್ಲಪ್ಪ."

ಎಂಟಾಯಿತು, ಒಂಬತ್ತಾಯಿತು. ಒದ್ದೆ ಚಾದರಗಳ ಗುಡ್ಡ ಬೆಳೆಯಿತು, ನೆಲವೆಲ್ಲ ನೀರು. ಚಿಕ್ಕಮ್ಮಂದಿರು ಬೈದರು, ಭಾವಂದಿರು ಬುದ್ಧಿ ಹೇಳಿದರು, ಅಣ್ಣ ಲಾರಿಯಿಂದ ಇಳಿಯಲೇ ಇಲ್ಲ. ದೊಡ್ಡಪ್ಪ, "ಹೆಣ್ಣು ಹೆತ್ತು ವಕೀಲೆ ಸಾಕಿದ್ಯಲ್ಲೋ," ಅಂತ ಅಪ್ಪನನ್ನು ಚುಚ್ಚಿದ. ಅಪ್ಪ ಕಬ್ಬಿಣ ಕತ್ತರಿಸುವ ಉದ್ದ ಹಿಡಿಯ ಕಟ್ಟರ್ ತಂದ.

ಅಷ್ಟರಲ್ಲಿ ಮ್ಯಾನೇಜರ್ ಇಳಿದು ಬಂದ. ಆಸ್ಪತ್ರೆಯಿಂದ ಫೋನು ಬಂದಿತ್ತು, ಹಾಸಿಗೆಗೆ ಹಾಸಲು ಚಾದರವಿಲ್ಲ. ಆದರೂ ಅಪ್ಪ ಕಟ್ಟರ್ ಎತ್ತಿದ್ದು ನೋಡಿ ಅವನು ಹೌಹಾರಿದ. "ತಾಳ್ರೀ ಮೇಸ್ತ್ರಿ! ಬೇರೆಯವ್ರ ಬೀಗ ಕತ್ತರಿಸ್ಬೇಕಾದ್ರೆ ಫಾರಂ ಇದೆ. ಇನ್‌ಸ್ಪೆಕ್ಟರ್ ಈಗಷ್ಟೇ ಬಂದು ಹೋಗಿದಾನೆ, ನನ್ನ ಕುತ್ತಿಗೆಗೆ ಬರುತ್ತೆ." ಕಾಗದ ತರಿಸಿ ಓದಿದ: "'ಮಷೀನಿನೊಳಗೆ ಯಾರೂ ಇಲ್ಲವೆಂದು ನಾನು ಕಣ್ಣಾರೆ ನೋಡಿರುತ್ತೇನೆ.' ಇದಕ್ಕೆ ಸೈನ್ ಹಾಕಿ, ಆಮೇಲೆ ಕತ್ತರಿಸಿ."

"ನಮ್ಮಲ್ಲಿ ಮಾತೇ ಸಾಕು ಸಾರ್."

"ನಿಮ್ಮ ಮಾತು ಸಾಕಾಗಿದ್ರೆ ನಾನ್ಯಾಕ್ರೀ ಇಲ್ಲಿ ನಿಂತಿರ್ತಿದ್ದೆ?"

ಇಪ್ಪತ್ತು ಜನರ ಎದುರಿಗೆ. ಅಪ್ಪನ ಕಿವಿ ಕೆಂಪಗಾಯಿತು. ಪೆನ್ನು ಕಿತ್ತುಕೊಂಡ. ಸುಮ್ಮನೆ ಗೀಚಿಬಿಡಬಹುದಿತ್ತು, ಒಳಗೆ ಯಾರೂ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಅಪ್ಪ, ಒಂದು ಸುಳ್ಳು ಸಾಕ್ಷಿಯ ಹಿಂದೆ ಒಂಬತ್ತು ದಿನ ಅಡಗಿದ್ದ ಮನುಷ್ಯ, ಕೊಟ್ಟ ಮಾತಿಗೆ ಬೆಲೆ ಇದೆ ಅಂತ ನಂಬಿದವನೂ ಹೌದು. ಕಣ್ಣಾರೆ ಅಂತ ಬರೆದಿದ್ದರೆ ಕಣ್ಣಾರೆ ನೋಡಬೇಕು. ಪೆನ್ನು ಹಿಡಿದುಕೊಂಡೇ ರೋಲರಿನ ಸುತ್ತ ಹೋದ. ಆ ಬದಿಯಲ್ಲಿ, ಅವಳು ಬಗ್ಗಿದ್ದ ಜಾಗದಲ್ಲೇ ಬಗ್ಗಿದ. ಉರುಳೆಗೆ ಸುತ್ತಿದ ಬಟ್ಟೆಯನ್ನು ಇನ್ನೂ ಬದಲಿಸಿರಲಿಲ್ಲ. ಕಂದು ಕಲೆ ಹಾಗೇ ಇತ್ತು.

ಬಹಳ ಹೊತ್ತು ಅವನು ಮೇಲೇಳಲಿಲ್ಲ.

"ಅವತ್ತು ನಾನು ನೋಡ್ಲಿಲ್ಲ," ಅಂದ ಅಲ್ಲಿಂದಲೇ. "ಅವಳು ನನಗೆ ಹೇಳೇ ಕೈ ಹಾಕಿದ್ಲು. ಇಲ್ಲೇ ಇದೀನಿ ಅಂದಿದ್ದೆ. ಇದ್ದೆ. ತಿರುಗಿ ನೋಡ್ಲಿಲ್ಲ."

"ಏಯ್, ಏನು ಒದರ್ತಾ ಇದ್ದೀಯ?" ದೊಡ್ಡಪ್ಪ ಮುನ್ನುಗ್ಗಿದ. "ಬಾಯಿ ಮುಚ್ಚು!"

"ತಾಳಣ್ಣ," ಅಂದ ಅಪ್ಪ.

ಅಷ್ಟು ಸಣ್ಣ ಮಾತು. ಒಂಬತ್ತು ದಿನದ ಹಿಂದೆ ಬಂದಿದ್ದರೆ!

"ಆಯ್ತು, ಆಯ್ತು, ಅದನ್ನೆಲ್ಲ ಬರೀಬೇಕಾಗಿಲ್ಲ," ಅಂದ ಮ್ಯಾನೇಜರ್. ಬರೀಬೇಕು ಅಂದೆ ನಾನು. ಫಾರಂನ ಹಿಂಬದಿಯಲ್ಲೇ ಬರೆದೆ, ಅಪ್ಪ ಸೈನ್ ಹಾಕಿದ. "ಸಾಕ್ಷಿ ಇಬ್ರು ಬೇಕು. ನೀನೊಬ್ಳು, ಇನ್ನೊಬ್ರು?" ಅಂದ ಮ್ಯಾನೇಜರ್, ಸಿಗುವುದಿಲ್ಲ ಅನ್ನುವ ಧೈರ್ಯದಲ್ಲಿ. ಇಪ್ಪತ್ತು ಜನ ನೆಲದ ನೀರಿನಲ್ಲಿ ತಮ್ಮ ಮುಖ ಹುಡುಕತೊಡಗಿದರು. ಯಾರೊಬ್ಬರೂ ಅಲ್ಲಾಡಲಿಲ್ಲ.

ಕೊನೆಗೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪೆನ್ನು ಕಿತ್ತುಕೊಂಡಳು. "ನ್ಯಾಯ ಗೀಯ ನಂಗೆ ಗೊತ್ತಿಲ್ಲ. ನಂಗೆ ಎರಡು ಕೈ ಇರೋ ಸೊಸೆ ಬೇಕು, ಅಷ್ಟೆ," ಅಂದು ಸೊಟ್ಟ ಸೊಟ್ಟ ಸೈನ್ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ ಗದರಿದಳು: "ಟ್ರಂಕು ಬಾಯಿ ತೆರ್ಕೊಂಡು ಬಿದ್ದಿದೆ ಅಲ್ಲಿ!"

ಮ್ಯಾನೇಜರ್ ಕಾಗದ ತೆಗೆದುಕೊಂಡ, ನಾನು ಬೀಗ ಬಿಚ್ಚಿದೆ. ಗೆದ್ದೆವಾ? ಕೇಳಿ. ಆ ಕಾಗದ ಮೇಲಿನ ಆಫೀಸಿಗೆ ಹೋಗಿ ಮೊಹರು ಬಿದ್ದು ಬರಲು ಇನ್ನೂ ಹನ್ನೊಂದು ದಿನ ಹಿಡಿಯಿತು. ಆಪರೇಷನ್ ಆಯಿತು. ಎರಡು ಬೆರಳು ಮಡಿಸಲು ಬರುತ್ತವೆ, ಎರಡು ಬರುವುದಿಲ್ಲ. ಅಪ್ಪನನ್ನು ಮೇಸ್ತ್ರಿ ಕೆಲಸದಿಂದ ಇಳಿಸಿದರು. ದೊಡ್ಡಪ್ಪ 'ಹಾಕು' ಅಂದದ್ದು ಯಾವ ಕಾಗದದಲ್ಲೂ ಇಲ್ಲ, ಅಪ್ಪ ಅದೊಂದನ್ನು ಹೇಳಲಿಲ್ಲ, ಹೇಳಿಸಲು ನನ್ನಿಂದಲೂ ಆಗಲಿಲ್ಲ. ಕನ್ನಡಕ ಬಾಗಿಲಲ್ಲಿ ಸಿಕ್ಕಾಗ, "ಕೊನೆಗೂ ನಮ್ಮ ಪದ್ಧತಿ ಕಲಿತ್ರಲ್ಲ," ಅಂತ ನನ್ನ ಬೆನ್ನು ತಟ್ಟಿದ. ಅವರ ಕೀ ಈಗಲೂ ಮೊಳೆಯಲ್ಲೇ ಇದೆ.

ಭಿತ್ತಿಚಿತ್ರವೂ ಬಂತು. ಎರಡು ಬಣ್ಣದ ಎರಡು ಕೈ, ಒಂದನ್ನೊಂದು ಕುಲುಕುತ್ತಿವೆ. ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದ ಅತ್ತಿಗೆ ಅದರ ಮುಂದೆ ನಿಂತು, "ಎಷ್ಟು ಚೆನ್ನಾಗಿ ಮಡಿಸ್ತಾ ಇದಾರೆ ನೋಡು ಬೆರಳು," ಅಂದಳು. ಆಮೇಲೆ ಎಡಗೈ ಚಾಚಿದಳು. "ನನ್ನ ಬೀಗ ಎಲ್ಲಿ?"

"ನಿನ್ನನ್ನ ಮಡಿಚೋ ಮೇಜಿಗೆ ಹಾಕಿದಾರಲ್ಲ, ಬೀಗ ಏನಕ್ಕೆ?"

"ಅದು ನಂದು ಕಣೇ."

ಕೊಟ್ಟೆ. ಅವತ್ತೇ ಕಂಪನಿಯ ಸ್ಟೋರ್ ರೂಮಿಗೆ ಹೋಗಿ ನನಗೊಂದು ಬೀಗ ಕೇಳಿದೆ. ಸ್ಟೋರಿನವನು ಡಬ್ಬ ಎಳೆದ. ಎಷ್ಟೊಂದು ಬೀಗಗಳು, ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ರಿಜಿಸ್ಟರ್ ತೆರೆದು ಕೇಳಿದ, "ನೀನು ಯಾವ ಕಡೆಯವಳಮ್ಮ? ನಮ್ಮವಳಾ, ಆಚೆಯವಳಾ?"

"ಬೀಗ ಕೊಡೋಕೆ ಅದ್ಯಾಕೆ?"

"ಕಾಲಂ ಇದೆಯಲ್ಲ. ತುಂಬಿಸ್ಬೇಕು."

ನಾನು ಕೌಂಟರಿನ ಮೇಲೆ ಎರಡೂ ಕೈ ಊರಿದೆ. "ಖಾಲಿ ಬಿಡು," ಅಂದೆ.

ಅವನು ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದ. ನಾನು ಅಲ್ಲಿಂದ ಕದಲಲಿಲ್ಲ.